ಬೂದು ಪ್ರೈಮರಿನ ಮೇಲೆ ಯಾರದೋ ಕೈ

ಸ್ಪ್ಲಿಟ್ ಪಾಯಿಂಟ್, ನ್ಯೂಫೌಂಡ್‌ಲ್ಯಾಂಡ್
ಜನವರಿ ೯, ೧೯೬೯

ಪ್ರೀತಿಯ ಹೆಡ್ಲಿ,

ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ನೀನು ಕೆಲಸಕ್ಕೆಂದು ಹೋದ ಲ್ಯಾಬ್ರಡಾರ್‌ನ ಚಳಿಯಲ್ಲಿ ಕೈಕಾಲು ನೆಟ್ಟಗೆ ಇಟ್ಟುಕೊಂಡಿದ್ದೀಯ ಎಂದು ನಂಬಿದ್ದೇನೆ. ಕ್ರಿಸ್‌ಮಸ್ಸಿಗೆ ಮುಂಚೆಯೇ ಬರೆಯಬೇಕಿತ್ತು, ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಿನ್ನ ಹಿಂದಿನ ಕಾಗದ ತೆಗೆದು ಓದುತ್ತಿದ್ದೆ. ಓದಿದಾಗಲೆಲ್ಲ ಸಿಟ್ಟು ಬಂದು ಪೆನ್ನು ಕೆಳಗಿಡುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಲೈನಿನಲ್ಲೇ ಇರುವ ಅಕ್ಕಪಕ್ಕದ ಮನೆಯವರೆಲ್ಲ ಕಿವಿಗೊಟ್ಟು ಕೂತಿರುತ್ತಾರೆ. ನಾನು ನಿನಗೆ ಹೇಳಿದ್ದು ನಾನು ಫೋನ್ ಇಡುವುದರೊಳಗೆ ಅಂಗಡಿ ತಲುಪಿರುತ್ತದೆ.

ನಿನ್ನ ಕಾಗದದಲ್ಲಿ ಒಂದೂವರೆ ಪುಟ ಶೆಡ್ಡಿನಲ್ಲಿರುವ ನಿನ್ನ ಗಾಡಿಯ ಸಮಾಚಾರ. ಕೊನೆಯಲ್ಲಿ ಅರ್ಧ ಸಾಲು ನನ್ನದು: "ನೀನೂ ಬೆಚ್ಚಗಿರು." ಆ 'ನೀನೂ' ಎಂಬುದರ ದೀರ್ಘ ನನ್ನನ್ನು ಎಷ್ಟು ಚುಚ್ಚಿತು ಎಂದು ನಿನಗೆ ತಿಳಿಯದು. ಗಾಡಿ ಬೆಚ್ಚಗಿರಲಿ, ಅದರ ಜೊತೆಗೆ ನೀನೂ. ದೋಣಿಗೂ ಗಾಡಿಗೂ 'ಅವಳು' ಎನ್ನುವುದು ನಮ್ಮೂರ ಗಂಡಸರ ಅಭ್ಯಾಸವೇ ಇರಬಹುದು. ಆದರೆ "ಅವಳಿಗೆ ಥಂಡಿ ತಾಗದ ಹಾಗೆ ನೋಡಿಕೋ" ಎಂದು ಗಂಡ ಬರೆದಾಗ, ಯಾರಿಗೆ ಎಂದು ಹೆಂಡತಿ ಎರಡು ಸಲ ಓದಬೇಕಾಗುತ್ತದಲ್ಲ, ಅದು ನನಗೆ ಹಿಡಿಸುವುದಿಲ್ಲ.

ಇರಲಿ. ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ಚಕ್ರಗಳ ಕೆಳಗೆ ಹಲಗೆ ಕೊಟ್ಟಿದ್ದೇನೆ. ಪ್ಲಾಸ್ಟಿಕ್ ಹೊದಿಸಿಲ್ಲ. ಪ್ರೈಮರ್ ಅಂದರೆ ಬಣ್ಣವಲ್ಲ, ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಲೇಪ, ಬ್ರೆಡ್ಡಿನ ತುಂಡಿನ ಹಾಗೆ ನೀರು ಕುಡಿಯುತ್ತದೆ, ಪ್ಲಾಸ್ಟಿಕ್ಕಿನ ಒಳಗೆ ಬೆವರಿದರೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಬಾಯಿಪಾಠ ಮಾಡಿದ್ದೇನೆ. ಬೇಲಿಯ ಗಳುಗಳನ್ನು ಕಟ್ಟಿ ಸುತ್ತ ಚೌಕಟ್ಟು ನಿಲ್ಲಿಸಿದೆ. ಒಳಗೆ ಫ್ಲಾನೆಲ್ ಚಾದರ, ಮೇಲೆ ಗಾಳಿಯಾಡುವಷ್ಟು ಜಾಗ ಬಿಟ್ಟು ನಿಮ್ಮಪ್ಪನ ಹಳೆಯ ಹಾಯಿಬಟ್ಟೆ. ತೇವ ಹೀರಲಿ ಎಂದು ನಾಲ್ಕು ಮೂಲೆಗೂ ತಟ್ಟೆಗಳಲ್ಲಿ ಸುಣ್ಣ. ಪಡುವಣ ಗಾಳಿ ಬೀಸಿದ ಒಣ ದಿನಗಳಲ್ಲಿ ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಕಡಲಿನ ಕಡೆಯಿಂದ ಮಂಜು ಬಂದರೆ ಮುಚ್ಚುತ್ತೇನೆ. ಫ್ಲಾನೆಲ್ ಚಾದರ ಅಂದರೆ ನನ್ನ ಸೋದರತ್ತೆ ಮದುವೆಗೆ ಕೊಟ್ಟದ್ದು. ಮೃದುವಾಗಿರಬೇಕು, ಗೀರು ಬೀಳಬಾರದು ಎಂದು ನೀನೇ ಹೆಸರು ಹಿಡಿದು ಅದನ್ನು ಕೇಳಿದ್ದೆ. ಅದು ಈಗ ಶೆಡ್ಡಿನಲ್ಲಿ ನಿನ್ನ 'ಅವಳ' ಮೈಮೇಲಿದೆ. ನಾನು ಚುಚ್ಚುವ ಕಂಬಳಿ ಹೊದ್ದು ಮಲಗುತ್ತೇನೆ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ. ಮೊನ್ನೆ ಮಂಗಳವಾರ ಒಳ್ಳೆಯ ಬಿಸಿಲಿತ್ತು, ಒಣ ಗಾಳಿಯಿತ್ತು. ಹೊದಿಕೆ ತೆಗೆದು ಗಾಡಿಗೆ ಗಾಳಿಯಾಡಿಸೋಣ ಎಂದು ಹೋದೆ. ನೀನು ಹಸಿರು ಬಣ್ಣ ಹೊಡೆದು ಮುಗಿಸಿದ್ದ ಮುಂಭಾಗ, ಮೇಲ್ಭಾಗ, ಬಲಬದಿ ಎಲ್ಲ ಕನ್ನಡಿಯ ಹಾಗಿವೆ. ಚಳಿ ಬಿತ್ತು, ಇನ್ನು ಬಣ್ಣ ಹಿಡಿಯುವುದಿಲ್ಲ ಎಂದು ಬರೀ ಪ್ರೈಮರಿನಲ್ಲಿ ಬಿಟ್ಟು ಹೋದ ಎಡಬದಿಯೂ ಚೆನ್ನಾಗಿಯೇ ಇದೆ, ಒಂದು ಕಡೆ ಬಿಟ್ಟು. ಸ್ಟಿಯರಿಂಗ್ ಕಡೆಯ ಬಾಗಿಲಿನ ಮೇಲೆ, ಹಿಡಿಯ ಕೆಳಗೆ, ಒಂದು ಕೈ ಮೂಡಿದೆ. ಕೈ ಎಂದರೆ ಕೈಯೇ ಹೆಡ್ಲಿ, ಅಂಗೈ, ಬೆರಳುಗಳ ಸಮೇತ, ತುಕ್ಕಿನ ಬಣ್ಣದಲ್ಲಿ.

ಬರಿಗೈಯಲ್ಲಿ ಮುಟ್ಟಬೇಡ ಎಂದು ನೀನು ಹೇಳಿದಂದಿನಿಂದ ನಾನು ಕೈಗವಸು ತೆಗೆದಿಲ್ಲ. ಹಬ್ಬದ ದಿನಗಳಲ್ಲಿ ವೇಷ ಹಾಕಿಕೊಂಡು ಮನೆಮನೆ ತಿರುಗುವವರಲ್ಲಿ ಯಾರೋ ಕುಡಿದು ಶೆಡ್ಡಿಗೆ ನುಗ್ಗಿರಬೇಕು ಎಂದುಕೊಂಡೆ. ಆಮೇಲೆ ಬಗ್ಗಿ ನೋಡಿದೆ. ಸಣ್ಣ ಕೈ, ಹೆಂಗಸಿನದು. ಉಂಗುರದ ಬೆರಳಿನ ತುದಿ ಇಲ್ಲ, ಉಳಿದವಕ್ಕಿಂತ ಮೊಂಡಾಗಿದೆ.

ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಯಾರದು ಅತ್ತೆ ಎಂದು ಕೇಳಿದೆ. "ಗೊತ್ತಿದ್ದೂ ಯಾಕೆ ಕೇಳ್ತೀಯ? ಸೈಲಸ್ ಮಗಳದ್ದು" ಎಂದರು. ಹನ್ನೆರಡರ ವಯಸ್ಸಿನಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಫ್ಯಾನಿನ ಬೆಲ್ಟಿಗೆ ಬೆರಳು ಕೊಟ್ಟವಳು ಈ ಊರಿನಲ್ಲಿ ಒಬ್ಬಳೇ. ವೆರ್ನಾ. ನೀನು ಎರಡು ಬೇಸಿಗೆ ಯಾರ ಹಿಂದೆ ತಿರುಗಿದೆಯೋ ಆ ವೆರ್ನಾ. ಹ್ಯಾಲಿಫ್ಯಾಕ್ಸಿಗೆ ಕೆಲಸಕ್ಕೆ ಹೋಗಿ, ಅಪ್ಪ ಸತ್ತ ಮೇಲೆ ಊರಿಗೆ ವಾಪಸು ಬಂದು ಕೂತ ವೆರ್ನಾ. ಅವಳು ಬಂದ ವರ್ಷವೇ ನೀನು ಅವಳಪ್ಪನ ಗಾಡಿ ಕೊಂಡುಕೊಂಡೆ.

ಅತ್ತೆ ಹೊರಗೆ ಹೋಗುತ್ತಾ, "ಹಳೇದೆಲ್ಲ ಕೆದಕ್ಬೇಡಮ್ಮ. ಅವ್ನು ಮದ್ವೆ ಆಗಿರೋದು ನಿನ್ನ" ಎಂದರು.

"ಹೌದು ಅತ್ತೆ, ಗಾಡಿ ಮಾತ್ರ ಅವ್ರ ಮನೇದು" ಎಂದೆ.

ಅವಳು ನನ್ನ ಶೆಡ್ಡಿಗೆ ಯಾಕೆ ಬಂದಿದ್ದಳು, ನಾನು ಕಟ್ಟಿದ ಗಂಟು ಬಿಚ್ಚಿ, ನನ್ನ ಚಾದರ ಸರಿಸಿ, ನೀನು ಕೂರುವ ಬಾಗಿಲಿನ ಮೇಲೆ ಯಾಕೆ ಕೈಯಿಟ್ಟಳು, ಇದಿಷ್ಟು ಬರೆ. ಉಳಿದ ಸಮಾಚಾರ ಆಮೇಲೆ ಬರೆದರಾಯಿತು. ಉಣ್ಣೆಯ ಕಾಲುಚೀಲ ಎರಡು ಜೊತೆ ಇದರ ಜೊತೆ ಕಳಿಸಿದ್ದೇನೆ, ಸಿಟ್ಟಿನಲ್ಲಿ ಹೆಣೆದದ್ದು, ಬಿಗಿಯಾಗಿರಬಹುದು.

ದೇವರು ನಿನ್ನನ್ನು ಕಾಯಲಿ.
ಮೆಲ್ವಿನಾ

*

ಸ್ಪ್ಲಿಟ್ ಪಾಯಿಂಟ್
ಫೆಬ್ರವರಿ ೨೪

ಪ್ರೀತಿಯ ಹೆಡ್ಲಿ,

ಇಷ್ಟು ದಿನ ಬರೆಯಲಿಲ್ಲ. ಬಿರುಗಾಳಿಗೆ ಅಂಚೆಯ ವಿಮಾನ ಇಳಿಯಲಿಲ್ಲ ಎಂದುಕೋ. ಅತ್ತೆ ಇಡಾಳ ಬಾಣಂತನಕ್ಕೆಂದು ಗ್ಯಾಂಡರ್‌ಗೆ ಹೋಗಿ ತಿಂಗಳ ಮೇಲಾಯಿತು. ಮಗು ಆರೋಗ್ಯವಾಗಿದೆ, ನಿನ್ನ ಅಕ್ಕನೂ ಚೆನ್ನಾಗಿದ್ದಾಳೆ. ಹೆಣ್ಣು. ಮೂಗು ನಿಮ್ಮ ಕಡೆಯದಂತೆ, ಪಾಪ.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದರಲ್ಲಿ ಅದು ಯಾವುದೋ ಮಕ್ಕಳ ಕೈ ಇರಬೇಕು, ತಲೆ ಕೆಡಿಸಿಕೊಳ್ಳಬೇಡ ಎಂದು ಬರೆದಿದ್ದೀಯ. ಎರಡನೆಯದರಲ್ಲಿ ಸುಣ್ಣ ಬದಲಾಯಿಸಿದೆಯಾ ಎಂದು ಕೇಳಿದ್ದೀಯ. ಬದಲಾಯಿಸಿದೆ. ಮಕ್ಕಳ ಕೈ ಎಂದು ನೀನು ಬರೆದದ್ದು ಸುಳ್ಳು ಎಂದು ಈಗ ಗೊತ್ತಾಗಿದೆ. ವೆರ್ನಾಳನ್ನೇ ಕೇಳಿದೆ.

ಅವಳು ನಮ್ಮ ಅಡುಗೆಮನೆಯಲ್ಲಿ ಒಲೆಗೆ ಸೌದೆ ತುಂಬುತ್ತಿದ್ದಳು. ಚಹಾ ಮಾಡಿ, ಡಬ್ಬಿ ಹಾಲು ಹಾಕಿ, ನನ್ನ ಕೈಗೆ ಕೊಟ್ಟಳು. ನನ್ನ ಅಡುಗೆಮನೆಯಲ್ಲಿ ನನಗೇ. ಕಪ್ಪಿನ ಸುತ್ತ ಆ ಮೊಂಡು ಬೆರಳು ಕಂಡಿತು. ಆಗಲೇ ಕೇಳಿಬಿಟ್ಟೆ, ಡಿಸೆಂಬರಿನಲ್ಲಿ ನಮ್ಮ ಶೆಡ್ಡಿನೊಳಗೆ ನಿನಗೇನು ಕೆಲಸವಿತ್ತು ಎಂದು. ಅವಳು ಅಲ್ಲ ಎನ್ನಲಿಲ್ಲ, ಮುಖ ಕೆಂಪಾಗಲಿಲ್ಲ.

"ಹೆಡ್ ಬರ್ದಿದ್ದ" ಎಂದಳು.

ನಾನು ನಿನ್ನನ್ನು ಒಮ್ಮೆಯೂ ಹೆಡ್ ಎಂದು ಕರೆದಿಲ್ಲ. ಹಾಗೆ ಕರೆಯಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಏನಂತ ಬರೆದಿದ್ದ ಎಂದು ಕೇಳಿದೆ.

"ಒಂದ್ಸಲ ಹೋಗಿ ನೋಡ್ಬಾ ಅಂತ. ಮೆಲ್ವಿನಾಗೆ ಸರಿಯಾಗಿ ಹೊದಿಸೋಕೆ ಬರುತ್ತೋ ಇಲ್ವೋ, ಅವ್ಳಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ ಅಂತ."

ಹೆಡ್ಲಿ, ಒಂದು ತಿಂಗಳಿಂದ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ನೀನು ಅವಳಿಗೆ ಪ್ರೇಮದ ಮಾತುಗಳನ್ನು ಬರೆಯುತ್ತಿದ್ದೀಯ, ಅವಳು ಆ ಗಾಡಿಯಲ್ಲಿ ಕೂತು ಅದನ್ನು ಓದುತ್ತಾಳೆ, ಹೀಗೆಲ್ಲ. ಅದೇ ಆಗಿದ್ದರೆ ವಾಸಿಯಿತ್ತು. ಒಂದು ವಾರ ಅತ್ತು, ನಿನ್ನ ಬಟ್ಟೆ ಗಂಟು ಕಟ್ಟಿ ಬಾಗಿಲಿನ ಹೊರಗಿಡುತ್ತಿದ್ದೆ. ಇದಕ್ಕೆ ಏನು ಮಾಡಲಿ? ನಾನು ಹೊದಿಸಿದ ಹೊದಿಕೆಯನ್ನು ಪರೀಕ್ಷೆ ಮಾಡಲು ನೀನು ಕಳಿಸಿದವಳು ಅವಳು. ಪಾಸೋ ಫೇಲೋ ಎಂದು ಕೇಳಿದೆ. ತುಂಬಾ ಚೆನ್ನಾಗಿ ಹೊದಿಸಿದ್ದೀಯ, ನನ್ನಪ್ಪನೂ ಹೀಗೇ ಮಾಡುತ್ತಿದ್ದ ಎಂದಳು. ಅವಳ ಬಾಯಿಂದ ಅದನ್ನು ಕೇಳಿ ನನಗೆ ಇನ್ನೂ ಉರಿಯಿತು.

ಹಾಗಾದರೆ ಕೈ ಯಾಕೆ ಇಟ್ಟೆ, ನಿನಗೆ ಗೊತ್ತಿಲ್ಲವೇ, ಗ್ಯಾರೇಜಿನಲ್ಲಿ ಬೆಳೆದವಳು ಎಂದೆ. ಅವಳು ಒಲೆಗೆ ಇನ್ನೊಂದು ಕೊರಡು ಹಾಕಿದಳು. "ಮುಟ್ಬಾರ್ದು ಅಂತ ಗೊತ್ತು ಮೆಲ್. ದಂಡೆ ಹಿಡ್ಕೊಂಡು ಬಂದಿದ್ದೆ, ಕೈಯೆಲ್ಲ ಉಪ್ಪುನೀರು. ಅಪ್ಪನ ಗಾಡಿ. ಕೈ ತಾನಾಗೇ ಹೋಯ್ತು."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಮಾರನೆಯ ದಿನ ಮೂಡಣ ಗಾಳಿ, ಕಡಲಿನ ಉಪ್ಪು ನಾಲಗೆಯ ಮೇಲೆ ತಾಗುವಂಥದು. ಎದ್ದು ಹೋಗಿ ಶೆಡ್ಡಿನ ಎರಡೂ ಬಾಗಿಲು ತೆಗೆದೆ. ಹಾಯಿಬಟ್ಟೆ ಎಳೆದು ಹಾಕಿದೆ, ಚಾದರ ಎಳೆದು ಹಾಕಿದೆ, ಗಾಳಿಗೆ ಬಿಟ್ಟು ನಿಂತೆ. ಕುಡಿಯಲಿ, ಎಷ್ಟು ಬೇಕೋ ಅಷ್ಟು ಕುಡಿಯಲಿ, ಮೇ ತಿಂಗಳಿಗೆ ನೀನು ಬರುವಷ್ಟರಲ್ಲಿ ಪೂರ್ತಿ ಕೆಂಪಾಗಲಿ ಎಂದುಕೊಂಡೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ವೆರ್ನಾ ಬಂದವಳು ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. "ತಲೆ ಕೆಟ್ಟಿದ್ಯಾ ನಿಂಗೆ? ಒಳಗೆ ನಡಿ" ಎಂದು ರಟ್ಟೆ ಹಿಡಿದು ಎಳೆದಳು. ನಾನು ಬಿಡಿಸಿಕೊಂಡೆ. ಬಿಡಿಸಿಕೊಂಡು, ನನ್ನ ಕೈಯಾರೆ ಒಣ ಬಟ್ಟೆಯಲ್ಲಿ ಎಡಬದಿಯನ್ನೆಲ್ಲ ಒರೆಸಿ, ಮತ್ತೆ ಹೊದಿಸಿ, ಗಂಟು ಹಾಕಿದೆ. ಹಾಳು ಮಾಡಿದರೆ ನೀನು ಅವಳಿಗೆ ಬರೆದದ್ದೇ ನಿಜವಾಗುತ್ತಿತ್ತಲ್ಲ. ಅದೊಂದೇ ಕಾರಣಕ್ಕೆ.

ಬಾಗಿಲಿನ ತುಕ್ಕು ಬೇಸಿಗೆಯವರೆಗೂ ಕಾಯುವುದಿಲ್ಲ, ಒಳಕ್ಕೆ ಇಳಿಯುತ್ತದೆ ಎಂದು ವೆರ್ನಾ ಹೇಳಿದಳು. ಶೆಡ್ಡಿನಲ್ಲಿ ಒಲೆ ಹಚ್ಚೋಣವೆಂದೆ. ಬೇಡ, ತಣ್ಣಗಿರುವ ತಗಡಿಗೆ ಬಿಸಿ ಗಾಳಿ ತಾಗಿದರೆ ಇಡೀ ಗಾಡಿ ಬೆವರುತ್ತದೆ ಎಂದಳು. ಕೊನೆಗೆ ನಾವಿಬ್ಬರೂ ಸೇರಿ ಬೋಲ್ಟು ಬಿಚ್ಚಿ ಬಾಗಿಲನ್ನೇ ಕಳಚಿ, ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆದು, ಅಡುಗೆಮನೆಗೆ ತಂದೆವು. ಈಗ ನಿನ್ನ ಗಾಡಿಯ ಬಾಗಿಲು ನಮ್ಮ ಊಟದ ಮೇಜಿನ ಮೇಲೆ ಮಲಗಿದೆ. ನಾನು ಉಪ್ಪುಮೀನು ಆಲೂಗಡ್ಡೆಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನುತ್ತೇನೆ. ನಿನಗೆ ಸಂತೋಷವಾಗಿರಬೇಕು, ಕಡೆಗೂ 'ಅವಳು' ಮನೆಯೊಳಗೆ ಬಂದಳು.

ತಗಡು ಪೂರ್ತಿ ಬೆಚ್ಚಗಾಗುವವರೆಗೆ ಮುಟ್ಟಲಿಲ್ಲ. ಆಮೇಲೆ ವೆರ್ನಾ ಎಮರಿ ಕಾಗದ ಮಡಚಿ ಕೈಯ ಗುರುತಿನ ಅಂಚಿನಿಂದ ಒಳಕ್ಕೆ ಉಜ್ಜುವುದು ಹೇಗೆಂದು ತೋರಿಸಿಕೊಟ್ಟಳು. ಅವಳ ಕೈ ನೋಡುತ್ತಾ ಕೂತೆ. ಮೊಂಡು ಬೆರಳಿನ ಕೈ ಅಷ್ಟು ಚೆಂದವಾಗಿ ಓಡಬಾರದು. ಇದನ್ನೆಲ್ಲ ಹೆಡ್ಲಿ ನಿನಗೆ ಕಲಿಸಿದನಾ ಎಂದು ಕೇಳಿದೆ. "ಅವ್ನಾ? ಅವ್ನಿಗೆ ಕಲ್ಸಿದ್ದೇ ನಾನು" ಎಂದು ನಕ್ಕಳು. ಬ್ರೆಡ್ಡಿನ ಹಾಗೆ ನೀರು ಕುಡಿಯುತ್ತದೆ ಎಂಬುದು ಅವಳಪ್ಪ ದಿನಾ ಹೇಳುತ್ತಿದ್ದ ಮಾತಂತೆ. ನಾನು ಬಾಯಿಪಾಠ ಮಾಡಿದ್ದು, ನೀನು ನನಗೆಂದು ಬರೆದ ಒಂದೇ ಚೆಂದದ ಸಾಲು ಎಂದುಕೊಂಡಿದ್ದು, ಅದೂ ಅವಳ ಮನೆಯದೇ.

ಇನ್ನು ಸಾಕು. ಕಣ್ಣು ಉರಿಯುತ್ತಿದೆ, ಎಮರಿಯ ಧೂಳು.

ಮೆಲ್ವಿನಾ

*

ಸ್ಪ್ಲಿಟ್ ಪಾಯಿಂಟ್
ಏಪ್ರಿಲ್ ೨೭

ಪ್ರೀತಿಯ ಹೆಡ್ಲಿ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಏನು ಬರೆಯಬೇಕೆಂದು ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಕೊಲ್ಲಿಯಲ್ಲಿ ಮಂಜುಗಡ್ಡೆ ಒಡೆದು ಹೋಗಿದೆ. ಮೊದಲ ಹಡಗು ಮೇ ಮಧ್ಯದಲ್ಲಿ ಬರಬಹುದು ಎನ್ನುತ್ತಾರೆ, ಅದರಲ್ಲೇ ನೀನೂ ಬರುತ್ತೀಯ. ಅತ್ತೆ ವಾಪಸು ಬಂದರು. ಬಂದವರೇ ಒಲೆಯ ಬೂದಿ ತೆಗೆದಿಲ್ಲವೆಂದು ಬೈದರು. ಎಲ್ಲ ಮೊದಲಿನ ಹಾಗೆ ಆಯಿತು.

ಕ್ಷಮಿಸು ಎಂದು ಬರೆದಿದ್ದೀಯ. ವೆರ್ನಾಗೆ ಬರೆದದ್ದು ಬರೀ ಗಾಡಿಯ ವಿಷಯ, ಬೇರೆ ಒಂದಕ್ಷರವೂ ಇಲ್ಲ, ಬೇಕಾದರೆ ಅವಳನ್ನೇ ಕೇಳು ಎಂದಿದ್ದೀಯ. ಕೇಳಬೇಕಿಲ್ಲ, ನಂಬುತ್ತೇನೆ.

ನಿನ್ನ ಬಾಗಿಲಿನ ಕಥೆ ಹೇಳುತ್ತೇನೆ. ತಗಡು ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿದ್ದು ನಾನು. ವೆರ್ನಾ ಪಕ್ಕದಲ್ಲಿ ಕೂತು ಇಲ್ಲಿ ಉಳಿದಿದೆ, ಅಲ್ಲಿ ಉಳಿದಿದೆ ಎಂದು ಬೆರಳು ತೋರಿಸುತ್ತಿದ್ದಳು, ಕೈಗವಸು ಹಾಕಿಕೊಂಡೇ. ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಪ್ರೈಮರನ್ನು ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ ಬಳಿದೆ. ವಾಸನೆಗೆ ತಲೆನೋವು ಬಂತು, ಬ್ರೆಡ್ಡಿಗೂ ಅದೇ ವಾಸನೆ. ಆದರೆ ಬೇಸರವಾಗಲಿಲ್ಲ ಹೆಡ್ಲಿ. ನೀನು ಸಂಜೆಯೆಲ್ಲ ಶೆಡ್ಡಿನಲ್ಲಿ ಕಳೆಯುವುದು ಯಾಕೆಂದು ಸ್ವಲ್ಪ ತಿಳಿಯಿತು. ನನ್ನನ್ನೂ ಕರೆದು ಒಂದು ಎಮರಿ ಕಾಗದ ಕೊಟ್ಟಿದ್ದರೆ ಆಗುತ್ತಿತ್ತು ಎಂದೂ ಅನ್ನಿಸಿತು.

ಅಂಗಡಿ ನಡೆಸುವ ಬ್ಲಾಂಚ್, ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ, "ಇಬ್ರೂ ಸೇರ್ಕೊಂಡು ಒಂದೇ ಗಂಡನ್ನ ರಿಪೇರಿ ಮಾಡ್ತಿದೀರಂತೆ" ಎಂದಳು. ಸದ್ಯಕ್ಕೆ ಬಾಗಿಲು ಮಾತ್ರ, ಉಳಿದದ್ದು ಮೇ ತಿಂಗಳಿಗೆ ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಗೆ ಬರುವ ದಾರಿಯಲ್ಲಿ ಅತ್ತುಬಿಟ್ಟೆ.

ಬಾಗಿಲು ಅದರ ಜಾಗಕ್ಕೆ ಸೇರಿತು. ಕೂರಿಸುವ ದಿನ ವೆರ್ನಾ ಕೆಳಗಿನಿಂದ ಎತ್ತಿ ಹಿಡಿದಳು, ನಾನು ಬೋಲ್ಟು ಬಿಗಿದೆ. ಎಲ್ಲ ಮುಗಿದ ಮೇಲೆ ಅವಳು ಗಾಡಿಯ ಒಳಗೆ ಹತ್ತಿ ಒಂದು ಸಲ ಸುಮ್ಮನೆ ಕೂತಳು, ಸ್ಟಿಯರಿಂಗ್ ಮುಟ್ಟಲಿಲ್ಲ. ಇಳಿಯುವಾಗ, "ಇನ್ನು ನಾನು ಬರಲ್ಲ ಮೆಲ್. ನೋಡೋಕೆ ಏನೂ ಉಳ್ದಿಲ್ಲ, ನೀನೇ ನೋಡ್ಕೋತೀಯ" ಎಂದಳು. ಅವಳಿಗೆ ಹ್ಯಾಲಿಫ್ಯಾಕ್ಸಿನ ಗ್ಯಾರೇಜೊಂದರಲ್ಲಿ ಮತ್ತೆ ಕೆಲಸ ಸಿಕ್ಕಿದೆಯಂತೆ, ಅಮ್ಮನನ್ನೂ ಕರೆದುಕೊಂಡು ಹೊರಡುತ್ತಾಳೆ. ನೀನು ಬರುವ ಹಡಗಿನಲ್ಲೇ ಅವಳು ಹೋಗುವುದು. ಹಡಗುಕಟ್ಟೆಯ ಮೇಲೆ ನೀವಿಬ್ಬರೂ ಎದುರಾಗುತ್ತೀರಿ. ಮಾತಾಡು, ನನ್ನ ಅಡ್ಡಿಯಿಲ್ಲ. ಇಲ್ಲ, ಅದೂ ಸುಳ್ಳು. ಅಡ್ಡಿಯಿದೆ. ಆದರೂ ಮಾತಾಡು, ಅವಳಿಗೆ ನೀನು ಒಂದು ದೊಡ್ಡ ಕೃತಜ್ಞತೆ ಹೇಳುವುದಿದೆ.

ನನ್ನ ಹೊಟ್ಟೆಕಿಚ್ಚು ಹೋಗಿಲ್ಲ. ಅವಳು ನಿನಗೆ ಗಾಡಿ ಕಲಿಸಿದಳು, ನನಗೆ ಎಮರಿ ಹಿಡಿಯುವುದು ಕಲಿಸಿದಳು. ಈ ಮನೆಯಲ್ಲಿ ಅವಳಿಂದ ಕಲಿಯದವರು ಅತ್ತೆ ಒಬ್ಬರೇ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಹುಷಾರಾಗಿ ಬಾ. ಕೊನೆಯ ದಿನಗಳಲ್ಲಿ ಅವಸರದ ಕೆಲಸಕ್ಕೆ ಕೈಹಾಕಬೇಡ, ಹಡಗಿನಲ್ಲಿ ಮೇಲಿನ ಡೆಕ್ಕಿನ ಮೇಲೆ ನಿಲ್ಲಬೇಡ. ದೇವರು ನಿನ್ನನ್ನು ಕ್ಷೇಮವಾಗಿ ದಡ ಮುಟ್ಟಿಸಲಿ. ಅತ್ತೆಯ ಆಶೀರ್ವಾದ.

ನಿನ್ನ
ಮೆಲ್ವಿನಾ

ಮತ್ತೆ: ಕಾಗದ ಮಡಚಿದ್ದೆ, ಪುನಃ ಬಿಡಿಸಿ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ಬಿರುಗಾಳಿ ಇರಲಿಲ್ಲ. ಜನವರಿಯ ಕೊನೆಗೆ ನನಗೆ ಎದೆಯ ಜ್ವರ ಬಂತು. ಅತ್ತೆ ಗ್ಯಾಂಡರ್‌ನಲ್ಲಿದ್ದರು. ಎದ್ದು ಒಲೆಗೆ ಸೌದೆ ಹಾಕಲು ಆಗಲಿಲ್ಲ, ಒಲೆ ಆರಿತು, ಬಕೆಟ್ಟಿನ ನೀರು ಹೆಪ್ಪುಗಟ್ಟಿತು. ಫೋನಿನವರೆಗೂ ಹೋಗಲಾಗಲಿಲ್ಲ. ವೆರ್ನಾ ನಿನ್ನ ಗಾಡಿ ನೋಡಲು ಇನ್ನೊಮ್ಮೆ ಬಂದಿದ್ದಳು, ನೀನು ಹೇಳಿದ್ದೆಯಲ್ಲ. ಶೆಡ್ಡಿನ ಹಿಂದಿನಿಂದ ಹೋಗುವಾಗ ನಮ್ಮ ಹೊಗೆಗೂಡಿನಲ್ಲಿ ಹೊಗೆ ಕಾಣಲಿಲ್ಲವಂತೆ, ಅದಕ್ಕೇ ಒಳಗೆ ಬಂದಳು. ನಾನು ಎದ್ದು ಕೂರುವವರೆಗೆ ಇಲ್ಲಿಂದ ಹೋಗಲಿಲ್ಲ. ನಿನಗೆ ತಂತಿ ಕೊಡುತ್ತೇನೆಂದು ಹೊರಟವಳನ್ನು ನಾನೇ ತಡೆದೆ. ಅವನಾಗಿಯೇ ಕೇಳುತ್ತಾನೋ ನೋಡೋಣ ಎಂದೆ. ಅವಳಿಗೆ ಮನಸ್ಸು ತಡೆಯಲಿಲ್ಲ, ಗಾಡಿ ಒಣಗಿದೆ ಎಂದು ನಿನಗೆ ಬರೆದ ಕಾಗದದಲ್ಲೇ ಮೆಲ್ ತುಂಬ ಇಳಿದುಹೋಗಿದ್ದಾಳೆ ಎಂದೂ ಒಂದು ಸಾಲು ಸೇರಿಸಿದಳು. ನಿನ್ನ ಉತ್ತರ ನಮ್ಮಿಬ್ಬರಿಗೂ ಒಂದೇ ಅಂಚೆಯಲ್ಲಿ ಬಂತು. ಅವಳಿಗೆ ನೀನು ಥ್ಯಾಂಕ್ಸ್ ಬರೆದಿದ್ದೆ. ನನ್ನನ್ನು ಸುಣ್ಣದ ವಿಷಯ ಮಾತ್ರ ಕೇಳಿದ್ದೆ. ನನಗೆ ಬಂದ ಕಾಗದವನ್ನು ಅವಳು ಓದಲಿಲ್ಲ, ನನ್ನ ಮುಖ ನೋಡಿ ಎದ್ದು ಹೊರಗೆ ಹೋದಳು. ಅವಳೆದುರು ಹಾಗಾಯಿತಲ್ಲ ಹೆಡ್ಲಿ, ಅವಳೇ ಎದುರಿಗಿದ್ದಾಗ. ಅದನ್ನು ಮಾತ್ರ ನನಗೆ ಇನ್ನೂ ನುಂಗಲಾಗಿಲ್ಲ.

ಹಡಗಿನಿಂದ ಇಳಿದವನು ನೆಟ್ಟಗೆ ಮನೆಯೊಳಗೆ ಬಾ, ಬಂದು ನನ್ನನ್ನು ಒಮ್ಮೆ ಚೆನ್ನಾಗಿ ನೋಡು. ಆಮೇಲೆ ಶೆಡ್ಡು. ಅದಕ್ಕೆ ಬೀಗ ಹಾಕಿದ್ದೇನೆ, ಕೀಲಿಕೈ ನನ್ನ ಬಳಿಯಿದೆ.